ಗಡಿನಾಡಿನ ರೈತ, ಜಗದ ಸಾರಥಿ: ಜಿಮ್ ಕ್ಲಾರ್ಕ್

ಮೋಟಾರು ಪಂದ್ಯವೆಂದರೆ ನಮ್ಮಂತಹ ಉಪಾಧ್ಯಾಯರಿಗೆ ದೂರದ ಮಾತು. ಶಾಲೆಯ ಕ್ರೀಡಾಕೂಟದಲ್ಲಿ ಸೀಟಿ ಊದುವುದಕ್ಕಿಂತ ಹೆಚ್ಚಿನ ಕ್ರೀಡಾಜ್ಞಾನ ನಮಗಿದೆಯೆಂದು ಹೇಳಿಕೊಳ್ಳಲಾರೆವು. ಆದರೂ ಒಬ್ಬ ಮೋಟಾರು ಸಾರಥಿಯ ಜೀವನವನ್ನು ಇಂದು ಓದುಗರ ಮುಂದಿಡುತ್ತಿದ್ದೇವೆ. ಅದಕ್ಕೆ ಕಾರಣ ಜಹೀರಾಬಾದಿನಲ್ಲಿ ಕಳೆದ ಒಂದು ಶನಿವಾರ ಮತ್ತು ಭಾನುವಾರ.

2023ರ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ನಾವು ತೆಲಂಗಾಣದ ಜಹೀರಾಬಾದಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆವು. ಈ ಊರು ನಮ್ಮ ಓದುಗರಿಗೆ ಅಷ್ಟಾಗಿ ಪರಿಚಯವಿರಲಾರದು. ಹೈದರಾಬಾದಿನಿಂದ ಸೊಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಬೀದರಿಗೆ ಸಮೀಪದಲ್ಲಿ ಇದೆ. ಕಬ್ಬು, ಶುಂಠಿ, ಜೋಳ ಬೆಳೆಯುವ ಸೀಮೆ. ಟ್ರ್ಯಾಕ್ಟರ್ ತಯಾರಿಸುವ ದೊಡ್ಡ ಕಾರ್ಖಾನೆಯೊಂದು ಅಲ್ಲಿದೆ. ಜಹೀರಾಬಾದ್ ಮತ್ತು ನಾರಾಯಣಖೇಡ ಹಿಂದೆ ಬೀದರ ಜಿಲ್ಲೆಯಲ್ಲಿದ್ದವು, ಕಲ್ಲಿಗೂ ತೊಗರಿಗೂ ಹೆಸರಾದ ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಅವು ಆಂಧ್ರಪ್ರದೇಶಕ್ಕೆ ಸೇರಿದವು. ಅದೇ ದಿನ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಪೇಟೆಯಲ್ಲಿ ತೆಲುಗು, ಉರ್ದು, ಮನೆಯೊಳಗೆ ಕನ್ನಡ ಎಂಬ ಅಲ್ಲಿನವರ ಬಾಳು ನಮಗೆ ಹೊಸದಾಗಿ ಕಾಣಲಿಲ್ಲ.

ಅದು ಚಹಾದ ಊರು. ಕಾಫಿ ಬೇಕೆಂದರೆ ಮನೆಯಲ್ಲೇ ಮಾಡಿಕೊಳ್ಳಬೇಕು. ಆದ್ದರಿಂದ ನಮ್ಮ ಕಡೆಯಿಂದ ಯಾರು ಹೋದರೂ ಕಾಫಿ ಪುಡಿಯ ಪೊಟ್ಟಣವನ್ನು ಒಯ್ಯುವುದು ವಾಡಿಕೆ. ತಂಗಿಯ ಮಗ ಹತ್ತೊಂಬತ್ತರ ಹುಡುಗ, ಯಂತ್ರಶಾಸ್ತ್ರದ ವಿದ್ಯಾರ್ಥಿ, ಮೋಟಾರು ಪಂದ್ಯದ ಹುಚ್ಚಿನವನು. ಅದೇ ವರ್ಷದ ಫೆಬ್ರವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ವಿದ್ಯುತ್ ಕಾರುಗಳ ಅಂತರರಾಷ್ಟ್ರೀಯ ಪಂದ್ಯ ನಡೆದಾಗ ಹೋಗಿ ನೋಡಿಬಂದಿದ್ದ. ನಾವು ಹೋದ ವಾರ ಯೂರೋಪಿನ ಮೊನಾಕೋ ಪಂದ್ಯ. ಶನಿವಾರ ಸಂಜೆ ಏಳೂವರೆಗೆ ಅರ್ಹತಾ ಸುತ್ತು, ಭಾನುವಾರ ಆರೂವರೆಗೆ ಪಂದ್ಯ, ರಾತ್ರಿ ಹತ್ತರ ಮೇಲೆ ಅಮೆರಿಕದ ಇಂಡಿಯಾನಾಪೊಲಿಸ್ ಪಂದ್ಯ. ಈ ಮೂರಕ್ಕೂ ಕಾಫಿ ಆಗಲೇಬೇಕೆಂಬುದು ಆ ಮನೆಯ ನಿಯಮವಾಗಿತ್ತು.

ಭಾನುವಾರ ಸಂಜೆ ಹಾಲು ಸಾಲದೆಂದು ಹುಡುಗ ಬೈಕ್ ಹತ್ತಿ ಹೆದ್ದಾರಿಯ ಆಚೆಗಿನ ಅಂಗಡಿಗೆ ಹೊರಟ. ಹೆಲ್ಮೆಟ್ ಗೋಡೆಯ ಮೊಳೆಯಲ್ಲಿ ತೂಗುತ್ತಲೇ ಇತ್ತು. ತಂಗಿ ಆಕ್ಷೇಪಿಸಿದಳು. ತನಗೆ ಓಡಿಸಲು ಚೆನ್ನಾಗಿ ಬರುತ್ತದೆ, ಇಷ್ಟು ದೂರಕ್ಕೆ ಅದೇಕೆ ಎಂದು ಆತ ಹೊರಟೇಬಿಟ್ಟ. ಅವನು ಬರುವವರೆಗೆ ನಾವು ಅವನ ಕೋಣೆಯ ಗೋಡೆಯನ್ನು ನೋಡುತ್ತ ಕುಳಿತೆವು. ಇಂದಿನ ಸಾರಥಿಗಳ ಬಣ್ಣದ ಚಿತ್ರಗಳ ನಡುವೆ ಒಂದು ಹಳೆಯ ಕಪ್ಪು-ಬಿಳುಪು ಚಿತ್ರ. ನಾಚಿಕೆಯ ನಗೆ ಬೀರುವ ಒಬ್ಬ ತರುಣ. ಯಾರೆಂದು ಕೇಳಿದಾಗ ಹುಡುಗ ಹೇಳಿದ ಹೆಸರು ಜಿಮ್ ಕ್ಲಾರ್ಕ್. ಮುಂದೆ ಊರಿಗೆ ಬಂದ ಮೇಲೆ ಆತನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆವು.

ಕುರಿ ಮಂದೆಯ ನಡುವಿನಿಂದ

ಜಿಮ್ ಕ್ಲಾರ್ಕ್ ಹುಟ್ಟಿದ್ದು 1936ರ ಮಾರ್ಚ್ 4ರಂದು, ಸ್ಕಾಟ್ಲೆಂಡಿನ ಕಿಲ್ಮೆನಿ ಎಂಬ ಹಳ್ಳಿಯಲ್ಲಿ. ನಾಲ್ವರು ಅಕ್ಕಂದಿರ ಬೆನ್ನಿಗೆ ಹುಟ್ಟಿದ ಏಕೈಕ ಗಂಡು ಮಗು. 1942ರಲ್ಲಿ ಕುಟುಂಬವು ದಕ್ಷಿಣಕ್ಕೆ ಬಂದು, ಚರ್ನ್‌ಸೈಡ್ ಹಳ್ಳಿಯ ಬಳಿಯ ಎಡಿಂಗ್ಟನ್ ಮೇನ್ಸ್ ಎಂಬ ಜಮೀನಿನಲ್ಲಿ ನೆಲೆಸಿತು. ಇದು ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡುಗಳ ಗಡಿ ಸೀಮೆ. ಹತ್ತಿರದ ಬೆರಿಕ್ ಪಟ್ಟಣವು ಹಳೆಯ ಕಾಲದಲ್ಲಿ ಎರಡು ರಾಜ್ಯಗಳ ನಡುವೆ ಎಷ್ಟೋ ಬಾರಿ ಕೈ ಬದಲಾಯಿಸಿ ಕೊನೆಗೆ ಇಂಗ್ಲೆಂಡಿಗೆ ಉಳಿಯಿತು. ಗಡಿಯ ಜನರ ಮನಸ್ಸು ಹೇಗಿರುತ್ತದೆಂಬುದನ್ನು ನಾವು ಓದುಗರಿಗೆ ವಿವರಿಸಬೇಕಾಗಿಲ್ಲ. ತನ್ನ ಊರು ಯಾವುದೆಂಬುದನ್ನು ಜಿಮ್ ಎಲ್ಲಿಗೆ ಹೋದರೂ ಮರೆಯಲಿಲ್ಲ.

ಎಡಿನ್‌ಬರೋ ಸಮೀಪದ ಲೊರೆಟ್ಟೊ ಎಂಬ ಒಳ್ಳೆಯ ಶಾಲೆಯಲ್ಲಿ ಓದುತ್ತಿದ್ದ ಹುಡುಗ ಹದಿನಾರನೆಯ ವಯಸ್ಸಿಗೆ ಓದು ಬಿಟ್ಟು ಮನೆಗೆ ಬರಬೇಕಾಯಿತು. ಅಜ್ಜನೂ ಚಿಕ್ಕಪ್ಪನೂ ತೀರಿಕೊಂಡು ಜಮೀನನ್ನು ನೋಡಿಕೊಳ್ಳುವವರು ಸಾಲದೆ ಹೋದದ್ದೇ ಕಾರಣ. ಕುರಿ ಸಾಕಣೆ, ಉಳುಮೆ, ಸಂತೆ ಇವು ಅವನ ದಿನಚರಿಯಾದವು. ನಡುವೆ ಕಾರಿನ ಗೀಳು ಹತ್ತಿತು. ತಂದೆ ತಾಯಿಗಳಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಇದ್ದೊಬ್ಬ ಮಗ, ಕೈತುಂಬ ಬೇಸಾಯ, ಪ್ರಾಣಕ್ಕೆ ಎರವಾಗುವ ಆಟ. ಯಾವ ತಂದೆ ತಾಯಿ ತಾನೆ ಒಪ್ಪಿಯಾರು?

1956ರ ಜೂನ್ ತಿಂಗಳಲ್ಲಿ, ಅಂದರೆ ನಮ್ಮ ಗಡಿಗಳು ಬದಲಾದ ವರ್ಷದಲ್ಲಿಯೇ, ಗೆಳೆಯ ಇಯಾನ್ ಸ್ಕಾಟ್ ವಾಟ್ಸನ್ ತನ್ನ ಕಾರನ್ನು ಕ್ರಿಮಂಡ್ ಎಂಬಲ್ಲಿನ ಪಂದ್ಯದಲ್ಲಿ ಜಿಮ್‌ನ ಕೈಗೆ ಕೊಟ್ಟ. ಅದೇ ಆತನ ಮೊದಲ ಪಂದ್ಯ. 1958ರಲ್ಲಿ ಆತ ಬಾರ್ಡರ್ ರೀವರ್ಸ್ ಎಂಬ ತಂಡವನ್ನು ಸೇರಿದ. ಹಿಂದಿನ ಕಾಲದಲ್ಲಿ ಗಡಿಯನ್ನು ದಾಟಿ ದನ ಕುರಿಗಳನ್ನು ಹೊಡೆದುಕೊಂಡು ಬರುತ್ತಿದ್ದ ಲೂಟಿಗಾರರ ಹೆಸರದು. ಅದೇ ವರ್ಷದ ಡಿಸೆಂಬರ್ 26ರಂದು ಇಂಗ್ಲೆಂಡಿನ ಬ್ರಾಂಡ್ಸ್ ಹ್ಯಾಚ್‌ನಲ್ಲಿ ನಡೆದ ಪಂದ್ಯದಲ್ಲಿ ಆತ ಎರಡನೆಯವನಾದ. ಮೊದಲನೆಯವನು ಲೋಟಸ್ ಕಾರುಗಳನ್ನು ನಿರ್ಮಿಸುತ್ತಿದ್ದ ಕಾಲಿನ್ ಚಾಪ್‌ಮನ್. ತನ್ನ ಬೆನ್ನಿಗೇ ಬಂದ ಈ ರೈತನ ಮೇಲೆ ಚಾಪ್‌ಮನ್‌ನ ಕಣ್ಣು ಬಿತ್ತು. ಮುಂದೆ ಜಿಮ್ ಫಾರ್ಮುಲಾ ಒನ್ ಪಂದ್ಯಗಳಲ್ಲಿ ಕೊನೆಯವರೆಗೂ ಲೋಟಸ್ ಬಿಟ್ಟು ಬೇರೆ ಕಾರು ಮುಟ್ಟಲಿಲ್ಲ.

ಕಹಿಯ ಮೊದಲ ತುತ್ತು

1960ರ ಜೂನ್ 6ರಂದು ಹಾಲೆಂಡಿನ ಜಾಂಡ್‌ವೂರ್ಟ್‌ನಲ್ಲಿ ಆತನ ಮೊದಲ ಫಾರ್ಮುಲಾ ಒನ್ ಪಂದ್ಯ ನಡೆಯಿತು. ಎರಡನೆಯದು ಬೆಲ್ಜಿಯಮಿನ ಸ್ಪಾದಲ್ಲಿ. ಕಾಡು ಗುಡ್ಡಗಳ ನಡುವಿನ ಆ ರಸ್ತೆಯಲ್ಲಿ ಒಂದೇ ಪಂದ್ಯದಲ್ಲಿ ಇಬ್ಬರು ಸಾರಥಿಗಳು ಸತ್ತರು. ಒಬ್ಬ ಕ್ರಿಸ್ ಬ್ರಿಸ್ಟೋ, ಇನ್ನೊಬ್ಬ ಜಿಮ್‌ನ ತಂಡದವನೇ ಆದ ಅಲನ್ ಸ್ಟೇಸಿ. ಬ್ರಿಸ್ಟೋ ಬಿದ್ದ ಜಾಗಕ್ಕೆ ಮರುಕ್ಷಣವೇ ಬಂದವನು ಜಿಮ್. ಆ ದಿನ ಐದನೆಯ ಸ್ಥಾನ ದೊರೆಯಿತು, ಆದರೆ ಸ್ಪಾ ಎಂದರೆ ಆತನಿಗೆ ಎಂದೆಂದಿಗೂ ಜುಗುಪ್ಸೆಯಾಯಿತು.

1961ರ ಸೆಪ್ಟೆಂಬರ್ 10ರಂದು ಇಟಲಿಯ ಮೊಂಜಾದಲ್ಲಿ ಇದಕ್ಕಿಂತ ಘೋರವಾದದ್ದು ನಡೆಯಿತು. ಜರ್ಮನಿಯ ವುಲ್ಫ್‌ಗಾಂಗ್ ಫಾನ್ ಟ್ರಿಪ್ಸ್‌ನ ಕಾರಿಗೂ ಜಿಮ್‌ನ ಕಾರಿಗೂ ತಗಲಿ, ಟ್ರಿಪ್ಸ್‌ನ ಕಾರು ಪ್ರೇಕ್ಷಕರತ್ತ ಹಾರಿತು. ಟ್ರಿಪ್ಸ್‌ನೊಂದಿಗೆ ಹದಿನೈದು ಮಂದಿ ಪ್ರೇಕ್ಷಕರೂ ಮಡಿದರು. ಜಿಮ್‌ಗೆ ಏನೂ ಆಗಲಿಲ್ಲ. ಪಂದ್ಯವನ್ನೇ ಬಿಟ್ಟುಬಿಡುವ ಯೋಚನೆ ಆತನಿಗೆ ಬಂದಿತ್ತು. ಬಿಡಲಿಲ್ಲ. ಬಿಟ್ಟಿದ್ದರೆ ಕುರಿಗಳ ನಡುವೆ ಮುದುಕನಾಗಿ ಬಾಳಬಹುದಿತ್ತು, ನಮಗೆ ಆತನ ಹೆಸರು ತಿಳಿಯುತ್ತಿರಲಿಲ್ಲ.

ಹದವರಿತ ಕೈ

1962ರಲ್ಲಿ ಚಾಪ್‌ಮನ್ ಹೊಸ ಬಗೆಯ ಕಾರನ್ನು ಕಟ್ಟಿದ. ಅದುವರೆಗೆ ಕೊಳವೆಗಳನ್ನು ಬೆಸೆದು ಚೌಕಟ್ಟು ಮಾಡಿ ಅದರ ಮೇಲೆ ತಗಡು ಹೊದಿಸುತ್ತಿದ್ದರು. ಲೋಟಸ್ 25 ಎಂಬ ಈ ಕಾರಿನಲ್ಲಿ ತಗಡಿನ ತೊಟ್ಟಿಯಂತಹ ಒಡಲೇ ಭಾರವನ್ನು ಹೊತ್ತಿತು. ಸಾರಥಿ ಅದರಲ್ಲಿ ಬಹುತೇಕ ಮಲಗಿಯೇ ಇರಬೇಕು. ಹಗುರ, ಗಟ್ಟಿ, ವೇಗ. ಅದರಲ್ಲಿ ಜಿಮ್ ತನ್ನ ಮೊದಲ ಗೆಲುವನ್ನು ಪಡೆದದ್ದು ತಾನು ದ್ವೇಷಿಸುತ್ತಿದ್ದ ಸ್ಪಾದಲ್ಲಿಯೇ. ಮುಂದಿನ ಮೂರು ವರ್ಷವೂ ಅಲ್ಲಿ ಅವನೇ ಗೆದ್ದ. 1963ರ ಸ್ಪಾ ಪಂದ್ಯದಲ್ಲಿ ಗೇರು ಜಾರತೊಡಗಿದಾಗ ಒಂದು ಕೈಯಲ್ಲಿ ಗೇರಿನ ಸರಳನ್ನು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸುತ್ತ, ಸುರಿಯುವ ಮಳೆಯಲ್ಲಿ, ಎರಡನೆಯವನಿಗಿಂತ ಐದು ನಿಮಿಷಕ್ಕೆ ಕೆಲವೇ ಸೆಕೆಂಡು ಕಡಿಮೆ ಅಂತರದಲ್ಲಿ ಗುರಿ ಮುಟ್ಟಿದ.

ಆದರೆ ಇವೆಲ್ಲ ಸಾಹಸಕ್ಕಿಂತ ಹೆಚ್ಚಾಗಿ ಆತನ ಮಿತವ್ಯಯವೇ ನಮ್ಮ ಮನಸ್ಸನ್ನು ಸೆಳೆಯಿತು. ಆತನ ಕಾರಿನ ಟೈರು, ಬ್ರೇಕುಗಳು ಉಳಿದವರದಕ್ಕಿಂತ ಕಡಿಮೆ ಸವೆಯುತ್ತಿದ್ದವು. ಎತ್ತಿಗೆ ಬಾರುಕೋಲಿನ ಪೆಟ್ಟು ಹಾಕದೆ ಗದ್ದೆ ಉಳುವ ಒಳ್ಳೆಯ ರೈತನಂತೆ, ಯಂತ್ರವನ್ನು ನೋಯಿಸದೆ ವೇಗವನ್ನು ಪಡೆಯುವುದು ಆತನಿಗೆ ತಿಳಿದಿತ್ತು. 1965ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟನ್‌ನಲ್ಲಿ ಮುಂದಿದ್ದಾಗ ಇಂಜಿನಿನ ಎಣ್ಣೆ ಇಳಿಯತೊಡಗಿತು. ಬೇರೊಬ್ಬನಾಗಿದ್ದರೆ ಇಂಜಿನು ಸುಟ್ಟು ಪಂದ್ಯ ಕಳೆದುಕೊಳ್ಳುತ್ತಿದ್ದ. ಜಿಮ್ ತಿರುವುಗಳಲ್ಲಿ ಇಂಜಿನನ್ನೇ ನಿಲ್ಲಿಸಿ, ನೇರ ದಾರಿ ಬಂದಾಗ ಮತ್ತೆ ಚಾಲನೆ ಮಾಡುತ್ತ, ಬೆನ್ನಟ್ಟಿ ಬಂದ ಗ್ರಹಾಂ ಹಿಲ್‌ಗಿಂತ ಮೂರು ಸೆಕೆಂಡಿನಷ್ಟು ಮುಂಚೆ ಮುಟ್ಟಿದ. ಅವಸರವೇ ಬೇರೆ, ವೇಗವೇ ಬೇರೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ.

ಅದೃಷ್ಟವೂ ಆತನನ್ನು ಪರೀಕ್ಷಿಸಿತು. 1962ರ ಡಿಸೆಂಬರ್ 29ರಂದು ದಕ್ಷಿಣ ಆಫ್ರಿಕದ ಕೊನೆಯ ಪಂದ್ಯದಲ್ಲಿ ಮುಂದಿದ್ದಾಗ ಒಂದು ಸಣ್ಣ ಬೋಲ್ಟ್ ಕಳಚಿ ಎಣ್ಣೆ ಸೋರಿತು. ವಿಶ್ವ ಪ್ರಶಸ್ತಿ ಹಿಲ್‌ನ ಪಾಲಾಯಿತು. 1964ರಲ್ಲಿ ಮೆಕ್ಸಿಕೋದಲ್ಲಿ ಪಂದ್ಯ ಮುಗಿಯಲು ಇನ್ನೇನು ಎನ್ನುವಾಗ ಮತ್ತೆ ಎಣ್ಣೆ ಸೋರಿತು, ಪ್ರಶಸ್ತಿ ಜಾನ್ ಸರ್ಟೀಸ್‌ಗೆ ಹೋಯಿತು. ನಡುವಣ 1963ರಲ್ಲಿ ಹತ್ತು ಪಂದ್ಯಗಳಲ್ಲಿ ಏಳನ್ನು ಗೆದ್ದು, 27ನೆಯ ವಯಸ್ಸಿನಲ್ಲಿ ಜಿಮ್ ವಿಶ್ವ ವಿಜೇತನಾಗಿದ್ದ. 1964ರಲ್ಲಿ ಬ್ರಿಟಿಷ್ ಸರ್ಕಾರ ಆತನಿಗೆ ಒ.ಬಿ.ಇ. ಗೌರವವನ್ನಿತ್ತಿತು.

1965ನೆಯ ಇಸವಿ

ಆ ಭಾನುವಾರ ನಾವು ನೋಡಿದ ಮೊನಾಕೋ ಪಂದ್ಯಕ್ಕೂ ಜಿಮ್‌ಗೂ ವಿಚಿತ್ರವಾದ ಸಂಬಂಧವಿದೆ. ಕಡಲ ತಡಿಯ ಆ ಇಕ್ಕಟ್ಟಿನ ಬೀದಿಗಳಲ್ಲಿ ಆತ ನಾಲ್ಕು ಬಾರಿ ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಹೊರಟಿದ್ದ. ಒಮ್ಮೆಯೂ ಗೆಲ್ಲಲಿಲ್ಲ. 1965ರಲ್ಲಿ ಮೊನಾಕೋಗೆ ಹೋಗಲೇ ಇಲ್ಲ. ಅದೇ ಹೊತ್ತಿಗೆ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 500 ಮೈಲಿಗಳ ಪಂದ್ಯವಿತ್ತು.

ಅಲ್ಲಿ ಅಮೆರಿಕನರು ಇಂಜಿನನ್ನು ಮುಂದಿಟ್ಟ ಭಾರೀ ಕಾರುಗಳನ್ನೇ ನೆಚ್ಚಿಕೊಂಡಿದ್ದರು. ಇಂಜಿನನ್ನು ಸಾರಥಿಯ ಹಿಂದಿಟ್ಟ ಲೋಟಸಿನ ಸಪೂರ ಕಾರು ಅವರ ಕಣ್ಣಿಗೆ ಆಟಿಕೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. 1963ರಲ್ಲಿ ಜಿಮ್ ಅಲ್ಲಿ ಎರಡನೆಯವನಾಗಿದ್ದ. ಗೆದ್ದವನ ಕಾರಿನಿಂದ ಎಣ್ಣೆ ಸೋರುತ್ತಿದ್ದರೂ ಅಧಿಕಾರಿಗಳು ತಡೆಯಲಿಲ್ಲವೆಂಬ ವಿವಾದ ಎದ್ದಿತ್ತು. ಜಿಮ್ ಜಗಳಕ್ಕೆ ಹೋಗಲಿಲ್ಲ. 1965ರ ಮೇ 31ರಂದು ಮತ್ತೆ ಬಂದು, 200 ಸುತ್ತುಗಳಲ್ಲಿ 190ರಲ್ಲಿ ತಾನೇ ಮುಂದಿದ್ದು, ಗಂಟೆಗೆ ಸರಾಸರಿ 150 ಮೈಲಿಗೂ ಮೀರಿದ ವೇಗದಲ್ಲಿ ಗೆದ್ದ. ಹಿಂದೆ ಇಂಜಿನಿರುವ ಕಾರು ಅಲ್ಲಿ ಗೆದ್ದದ್ದು ಅದೇ ಮೊದಲು. ಬಹುಮಾನ ಒಂದೂವರೆ ಲಕ್ಷ ಡಾಲರಿಗೂ ಮಿಕ್ಕಿತ್ತು. ಅದೇ ವರ್ಷ ಫಾರ್ಮುಲಾ ಒನ್‌ನಲ್ಲಿ ಆರು ಪಂದ್ಯ ಗೆದ್ದು ಎರಡನೆಯ ಬಾರಿ ವಿಶ್ವ ವಿಜೇತನಾದ. ಈ ಎರಡನ್ನೂ ಒಂದೇ ವರ್ಷದಲ್ಲಿ ಸಾಧಿಸಿದವರು ಆತನ ಹೊರತು ಇಂದಿಗೂ ಇನ್ನೊಬ್ಬರಿಲ್ಲ.

ಇಷ್ಟಾದರೂ ಪಂದ್ಯಗಳ ನಡುವೆ ಬಿಡುವು ಸಿಕ್ಕಿದರೆ ಆತನ ಓಟ ಎಡಿಂಗ್ಟನ್ ಮೇನ್ಸ್ ಕಡೆಗೇ. ಜನಸಂದಣಿಯೆಂದರೆ ಸಂಕೋಚ. ಉಗುರು ಕಚ್ಚುವ ಅಭ್ಯಾಸ. ಪಂದ್ಯದಲ್ಲಿ ಕಣ್ಣೆವೆಯಿಕ್ಕುವುದರೊಳಗೆ ನಿರ್ಧಾರ ಮಾಡುತ್ತಿದ್ದ ಆತನಿಗೆ ಹೊರಗಡೆ ಸಣ್ಣಪುಟ್ಟ ವಿಷಯಗಳಲ್ಲೂ ತೀರ್ಮಾನಕ್ಕೆ ಬರುವುದು ಕಷ್ಟವಾಗುತ್ತಿತ್ತಂತೆ. ಮದುವೆಯಾಗಲಿಲ್ಲ. ಕೊನೆಯ ಕಾಲದಲ್ಲಿ ತೆರಿಗೆಯ ಭಾರದಿಂದ ಹೊರದೇಶದಲ್ಲಿ ನೆಲೆಸಬೇಕಾಗಿ ಬಂದದ್ದು, ಹುಟ್ಟೂರಿನ ಮಣ್ಣಿಗೆ ಅಂಟಿಕೊಂಡಿದ್ದ ಈ ರೈತನಿಗೆ ಸುಲಭವಾಗಿದ್ದಿರಲಾರದು.

1967ರ ಮೊಂಜಾ ಪಂದ್ಯ ಆತನ ಶಕ್ತಿಯ ಪರಾಕಾಷ್ಠೆ. ಚಕ್ರದ ಗಾಳಿ ಹೋಗಿ ಒಂದಿಡೀ ಸುತ್ತು ಹಿಂದೆ ಬಿದ್ದವನು ಒಬ್ಬೊಬ್ಬರನ್ನಾಗಿ ಹಿಂದೆ ಹಾಕುತ್ತ ಮತ್ತೆ ಮೊದಲಿಗನಾದ. ಕೊನೆಯ ಸುತ್ತಿನಲ್ಲಿ ಪೆಟ್ರೋಲು ಸಾಲದೆ ಮೂರನೆಯವನಾಗಿ ತೆವಳಿದ. 1968ರ ಜನವರಿ 1ರಂದು ದಕ್ಷಿಣ ಆಫ್ರಿಕದಲ್ಲಿ 25ನೆಯ ಗೆಲುವನ್ನು ಪಡೆದು, ಅರ್ಜೆಂಟೀನದ ಮಹಾಸಾರಥಿ ಫಾಂಜಿಯೋನ 24ರ ದಾಖಲೆಯನ್ನು ಮುರಿದ. ಒಟ್ಟು 72 ಪಂದ್ಯ, 25 ಗೆಲುವು, 33 ಬಾರಿ ಮೊದಲ ಸ್ಥಾನದಿಂದ ಆರಂಭ.

ಹೊಕೆನ್‌ಹೈಮ್

1968ರ ಏಪ್ರಿಲ್ 7. ಜರ್ಮನಿಯ ಹೊಕೆನ್‌ಹೈಮ್‌ನಲ್ಲಿ ಫಾರ್ಮುಲಾ ಟೂ ಪಂದ್ಯ. ವಿಶ್ವ ಪ್ರಶಸ್ತಿಗೆ ಸೇರದ, ಅಷ್ಟೇನೂ ಮಹತ್ವವಿಲ್ಲದ ಪಂದ್ಯ. ಮಳೆಯಿಂದ ದಾರಿ ಒದ್ದೆಯಾಗಿತ್ತು. ಐದನೆಯ ಸುತ್ತಿನಲ್ಲಿ, ಕಾಡಿನ ನಡುವೆ, ತಿರುವೆಂದು ಹೇಳುವಂತಿಲ್ಲದ ಮೆಲ್ಲನೆಯ ಬಾಗಿನಲ್ಲಿ ಜಿಮ್‌ನ ಕಾರು ದಾರಿ ತಪ್ಪಿ ಮರಗಳಿಗೆ ಅಪ್ಪಳಿಸಿತು. ಹಿಂದಿನ ಚಕ್ರವೊಂದರ ಗಾಳಿ ಇಳಿದದ್ದೇ ಕಾರಣವಿರಬೇಕೆಂದು ಬಲ್ಲವರು ಅಭಿಪ್ರಾಯಪಟ್ಟರು. ದಾರಿಗೂ ಮರಗಳಿಗೂ ನಡುವೆ ಒಂದು ತಡೆಬೇಲಿಯೂ ಇರಲಿಲ್ಲ. ಆತನಿಗೆ 32 ವರ್ಷ ತುಂಬಿ ಒಂದು ತಿಂಗಳಾಗಿತ್ತಷ್ಟೆ.

ಈ ಸುದ್ದಿ ಉಳಿದ ಸಾರಥಿಗಳನ್ನು ನಡುಗಿಸಿತು. ಅದುವರೆಗೆ ಯಾರು ಸತ್ತರೂ ತಪ್ಪು ಮಾಡಿದ, ಅತಿ ಧೈರ್ಯ ಮಾಡಿದ ಎಂದು ಏನಾದರೊಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಜಿಮ್‌ನ ಬಗ್ಗೆ ಹಾಗೆ ಹೇಳುವಂತಿರಲಿಲ್ಲ. ಎಲ್ಲರಿಗಿಂತ ನಿಪುಣ, ಎಲ್ಲರಿಗಿಂತ ಜಾಗರೂಕ ಆತ. ಆತನಿಗೇ ಹೀಗಾದರೆ ನೈಪುಣ್ಯವೊಂದೇ ಯಾರನ್ನೂ ಕಾಯಲಾರದು ಎಂಬುದು ಎಲ್ಲರಿಗೂ ಮನದಟ್ಟಾಯಿತು. ಅದೇ ವರ್ಷ ಮೇ 7ರಂದು ಮೈಕ್ ಸ್ಪೆನ್ಸ್, ಜೂನ್ 8ರಂದು ಲೂಡೊವಿಕೊ ಸ್ಕಾರ್ಫಿಯೊಟ್ಟಿ, ಜುಲೈ 7ರಂದು ಜೋ ಶ್ಲೆಸರ್ ಹೀಗೆ ತಿಂಗಳಿಗೊಬ್ಬರಂತೆ ಸಾರಥಿಗಳು ಸತ್ತರು.

ಜಿಮ್‌ನ ಗೆಳೆಯನೂ ಸ್ಕಾಟ್ಲೆಂಡಿನವನೂ ಆದ ಜಾಕಿ ಸ್ಟುವರ್ಟ್ ಆ ಮೊದಲೇ ಸುರಕ್ಷತೆಗಾಗಿ ದನಿಯೆತ್ತಿದ್ದ. ಆತನನ್ನು ಪುಕ್ಕಲನೆಂದು ಹಂಗಿಸಿದವರೂ ಇದ್ದರು. ಆದರೆ ಕ್ಲಾರ್ಕ್ ಸತ್ತ ಮೇಲೆ ಆ ಮಾತಿಗೆ ಬಲ ಬಂದಿತು. ದಾರಿಯ ಬದಿಗೆ ತಡೆಬೇಲಿ, ಸೀಟಿನ ಪಟ್ಟಿ, ಮುಖವನ್ನೆಲ್ಲ ಮುಚ್ಚುವ ಹೆಲ್ಮೆಟ್, ಬೆಂಕಿ ತಡೆಯುವ ಉಡುಪು, ಸ್ಥಳದಲ್ಲೇ ವೈದ್ಯರು ಇವೆಲ್ಲ ಒಂದೊಂದಾಗಿ ಕಡ್ಡಾಯವಾದವು. 1994ರಲ್ಲಿ ಬ್ರೆಜಿಲಿನ ಆಯರ್ಟನ್ ಸೆನ್ನಾ ಸತ್ತ ಮೇಲೆ ನಿಯಮಗಳು ಇನ್ನಷ್ಟು ಬಿಗಿಯಾದವು. 2018ರಿಂದ ಸಾರಥಿಯ ತಲೆಯ ಸುತ್ತ ಗಟ್ಟಿಯಾದ ಲೋಹದ ಕಮಾನನ್ನೂ ಅಳವಡಿಸಿದ್ದಾರೆ. ನಾವು ಟಿ.ವಿ.ಯಲ್ಲಿ ಕಂಡ ಕಾರುಗಳಲ್ಲೆಲ್ಲ ಅದಿತ್ತು.

ಕಲ್ಲಿನ ಮೇಲಿನ ಬರಹ

ಜಿಮ್ ಕ್ಲಾರ್ಕ್‌ನನ್ನು ಚರ್ನ್‌ಸೈಡಿನ ಇಗರ್ಜಿಯ ಅಂಗಳದಲ್ಲಿ ಮಣ್ಣು ಮಾಡಿದರು. ಆತ ಗೆದ್ದ ಪದಕ, ಬಟ್ಟಲುಗಳನ್ನು ತಂದೆ ತಾಯಿಗಳು ಮನೆಯಲ್ಲಿಟ್ಟುಕೊಳ್ಳದೆ ಹತ್ತಿರದ ಡನ್ಸ್ ಪಟ್ಟಣಕ್ಕೆ ಕೊಟ್ಟರು. 1969ರಲ್ಲಿ ಅಲ್ಲಿ ಒಂದು ಕೋಣೆಯಲ್ಲಿ ಅವುಗಳನ್ನು ಇಡಲಾಯಿತು. 2019ರಲ್ಲಿ ಅದು ದೊಡ್ಡ ವಸ್ತು ಸಂಗ್ರಹಾಲಯವಾಯಿತು. ಗೋರಿಯ ಕಲ್ಲಿನ ಮೇಲೆ ಎಡಿಂಗ್ಟನ್ ಮೇನ್ಸ್‌ನ ರೈತನೆಂದು ಮೊದಲು ಬರೆದಿದೆ. ಸಾರಥಿ, ವಿಶ್ವ ವಿಜೇತ, ಇಂಡಿಯಾನಾಪೊಲಿಸ್ ವಿಜೇತ ಎಂಬುವು ಆಮೇಲೆ. ಮಗ ಯಾರೆಂಬುದನ್ನು ಊರಿಗೆ ತಿಳಿಸುವಾಗ ಆ ಮನೆಯವರು ಯಾವುದನ್ನು ಮೊದಲಿಟ್ಟರೆಂಬುದನ್ನು ಓದಿದಾಗ ನಮ್ಮ ಕಣ್ಣು ಮಂಜಾಯಿತು. ಲೋಕವೆಲ್ಲ ಸುತ್ತಿದರೂ ಮನುಷ್ಯನಿಗೆ ತನ್ನ ಮಣ್ಣಿನ ಹೆಸರೇ ಮೊದಲ ಹೆಸರು.

ಜಹೀರಾಬಾದಿನ ಆ ಸಂಜೆಯ ವಿಷಯಕ್ಕೆ ಬರೋಣ. ಪಂದ್ಯದ ಕೊನೆಯ ಭಾಗದಲ್ಲಿ ಮೊನಾಕೋದಲ್ಲಿ ಮಳೆ ಸುರಿಯಿತು. ಕಾರುಗಳು ಜಾರಿ ಗೋಡೆಗೆ ತಾಗಿದವು, ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಹಾಲೆಂಡಿನ ಮ್ಯಾಕ್ಸ್ ವರ್ಸ್ಟಾಪನ್ ಗೆದ್ದ. ಎರಡನೆಯ ಲೋಟ ಕಾಫಿ ಕುಡಿಯುತ್ತ ನಾವು ಹುಡುಗನನ್ನು ಗೋಡೆಯ ಚಿತ್ರದವನ ಕೊನೆ ಹೇಗಾಯಿತೆಂದು ಕೇಳಿದೆವು. ಅಂಕಿ ಸಂಖ್ಯೆಗಳನ್ನು ಪಟಪಟನೆ ಹೇಳುತ್ತಿದ್ದವನು ಹೊಕೆನ್‌ಹೈಮಿನ ಕಥೆಗೆ ಬಂದಾಗ ಮೆಲ್ಲಗಾದ. ಎಲ್ಲರಿಗಿಂತ ಚೆನ್ನಾಗಿ ಓಡಿಸಬಲ್ಲವನೂ ಹೋದನಲ್ಲ ಎಂದಷ್ಟೇ ನಾವು ಹೇಳಿದೆವು. ಆತ ಉತ್ತರ ಕೊಡಲಿಲ್ಲ. ತಂಗಿ ಒಳಗೆ ಜೋಳದ ರೊಟ್ಟಿ ತಟ್ಟುತ್ತಿದ್ದಳು, ಆ ಸದ್ದೊಂದೇ ಕೇಳುತ್ತಿತ್ತು.

ಮರುದಿನ ಬೆಳಗ್ಗೆ ನಮ್ಮನ್ನು ಬಸ್ ನಿಲ್ದಾಣಕ್ಕೆ ಬಿಡಲು ಹೊರಟಾಗ ಆತ ಮೊಳೆಯಿಂದ ಹೆಲ್ಮೆಟನ್ನು ತೆಗೆದು ತಲೆಗೆ ಹಾಕಿಕೊಂಡ. ಪಕ್ಕದ ಮನೆಯಿಂದ ನಮಗೂ ಒಂದನ್ನು ಕೇಳಿ ತಂದ. ನಾವು ಆ ವಿಷಯ ಎತ್ತಲಿಲ್ಲ. ಈಗ ತಂಗಿ ಫೋನು ಮಾಡಿದಾಗಲೆಲ್ಲ ಕೇಳುತ್ತೇವೆ. ಕೆಲವು ದಿನ ಹೆಲ್ಮೆಟ್ ಮೊಳೆಯಲ್ಲೇ ಇರುತ್ತದೆಯಂತೆ, ಹೆಚ್ಚಿನ ದಿನ ಇರುವುದಿಲ್ಲವಂತೆ. ಹದಿಹರೆಯದ ಮಕ್ಕಳಿರುವ ಮನೆಯವರೆಲ್ಲ ಈ ರೈತನ ಕಥೆಯನ್ನು ಒಮ್ಮೆ ಮಕ್ಕಳಿಗೆ ಹೇಳಿ ನೋಡಲಿ ಎಂಬುದೇ ನಮ್ಮ ಬಿನ್ನಹ.